ಪಕ್ಕದ ಸೀಟಿನವರು ಮತ್ತೆ ಬರಬೇಕು: ಊರಿನ ತಂಡಕ್ಕೆ ಊರಿನ ಜನರನ್ನು ಕಟ್ಟಿಕೊಳ್ಳುವುದು ಹೇಗೆ?

ಕಂಠೀರವ ಸ್ಟೇಡಿಯಂನ ಪಶ್ಚಿಮದ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂರುವವರ ಹೆಸರು ಎರಡು ಸೀಸನ್ ನನಗೆ ಗೊತ್ತಿರಲಿಲ್ಲ. ಅವರ ಜೇಬಿನಲ್ಲಿ ಸದಾ ಇರುವ ಕಡ್ಲೆಕಾಯಿ ಪೊಟ್ಟಣ ಗೊತ್ತಿತ್ತು. ನಮ್ಮ ಡಿಫೆಂಡರ್ ಎಡವಿದರೆ ಅವರ ಬಾಯಿಂದ ಬರುವ ಬೈಗುಳವೂ ಗೊತ್ತಿತ್ತು. ಪಂದ್ಯ ಮುಗಿದ ಮೇಲೆ ಅವರು ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಫುಟ್‌ಬಾಲ್ ನೋಡಲು ಹೋಗುತ್ತಿದ್ದವನು ಯಾವಾಗ ಇವರಿಗಾಗಿಯೂ ಹೋಗತೊಡಗಿದೆನೋ ಗೊತ್ತಿಲ್ಲ.

ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಸ್ಟಾರ್ ಆಟಗಾರನ ಪೋಸ್ಟರ್ ನೋಡಿ ಜನ ಮೊದಲನೇ ಸಲ ಬರುತ್ತಾರೆ. ನಲವತ್ತನೇ ಸಲ ಬರುವುದು ಪಕ್ಕದ ಸೀಟಿನವರಿಗಾಗಿ. ಸ್ಟಾರ್ ಆಟಗಾರ ನಾಳೆ ಬೇರೆ ತಂಡಕ್ಕೆ ಹೋಗಬಹುದು, ಪಕ್ಕದವರು ಹೋಗುವುದಿಲ್ಲ. ಹಾಗಾಗಿ ಕ್ಲಬ್ಬಿನ ಕೆಲಸ ಅದೇ ಜನ, ಅದೇ ಜಾಗದಲ್ಲಿ, ಮತ್ತೆ ಮತ್ತೆ ಸೇರುವ ಹಾಗೆ ನೋಡಿಕೊಳ್ಳುವುದು. ಮುಂದಿನ ಹೆಜ್ಜೆಗಳೆಲ್ಲ ಇದಕ್ಕೇ. ನೀವು ನಡೆಸುವುದು ಫುಟ್‌ಬಾಲ್ ಕ್ಲಬ್ ಆಗಿರಲಿ, ಕಬಡ್ಡಿ ತಂಡ ಆಗಿರಲಿ, ಜಿಲ್ಲೆಯ ಹೆಸರಿನ ಕ್ರಿಕೆಟ್ ತಂಡ ಆಗಿರಲಿ, ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಹೆಜ್ಜೆ 1: ಮನೆ ಯಾವುದು ಅಂತ ಮೊದಲು ತೀರ್ಮಾನಿಸಿ

ಜೆರ್ಸಿ, ಲೋಗೋ, ಮ್ಯಾಸ್ಕಾಟ್ ಎಲ್ಲ ಆಮೇಲೆ. ಮೊದಲು ಮೈದಾನ.

ಬೆಂಗಳೂರು ಬುಲ್ಸ್ ಕಥೆ ನೋಡಿ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಶುರುವಾದಾಗಿನಿಂದ ಇರುವ ತಂಡ ಅದು. ಆದರೆ 2017ರಲ್ಲಿ ಅವರ 'ಮನೆ' ಪಂದ್ಯಗಳು ನಡೆದದ್ದು ನಾಗಪುರದಲ್ಲಿ, 2018ರ ಸೀಸನ್ನಿನಲ್ಲಿ ಪುಣೆಯಲ್ಲಿ. ಅದೇ ಸೀಸನ್ನಿನಲ್ಲಿ ಬುಲ್ಸ್ ಚಾಂಪಿಯನ್ ಆಯಿತು. 2019ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅಂಥಾ ಸೀಸನ್! ನಮ್ಮ ಊರಿನವರು ಅದನ್ನು ನೋಡಿದ್ದು ಟೀವಿಯಲ್ಲಿ. ಆ ವರ್ಷ ನಮ್ಮೂರಿನ ಸ್ಟ್ಯಾಂಡಿನಲ್ಲಿ ಎಷ್ಟು ಜನ 'ಪಕ್ಕದವರು' ಆಗಬಹುದಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ರಾಜ್ಯದ ಟಿ20 ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿಯದ್ದೂ ಇದೇ ಕಷ್ಟ. ಗುಲ್ಬರ್ಗಾ, ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಅಂತ ಹೆಸರುಗಳೇನೋ ಚೆನ್ನಾಗಿವೆ. ಆದರೆ 2023 ಮತ್ತು 2024ರಲ್ಲಿ ಎಲ್ಲ ಪಂದ್ಯಗಳೂ ಬೆಂಗಳೂರಿನಲ್ಲೇ ಆದವು. ಕಲಬುರಗಿಯ ಹುಡುಗ ತನ್ನ ಊರಿನ ತಂಡವನ್ನು ನೋಡಲು ರಾತ್ರಿ ರೈಲು ಹತ್ತಬೇಕು. ಖರ್ಚು, ಪಿಚ್, ಪ್ರಸಾರ ಅಂತ ಆಯೋಜಕರಿಗೆ ಅವರದ್ದೇ ಕಾರಣ ಇರುತ್ತದೆ, ಒಪ್ಪೋಣ. ಆದರೂ ಹೆಸರು ಮಾತ್ರ ಊರಿನದ್ದಾಗಿ, ಆಟ ಬೇರೆಡೆ ಆದರೆ ಅದು ಊರಿನ ತಂಡ ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದೇ ಮೈದಾನಕ್ಕೆ ಕನಿಷ್ಠ ಮೂರರಿಂದ ಐದು ವರ್ಷದ ಒಪ್ಪಂದ ಮಾಡಿಕೊಳ್ಳಿ. ಮೈದಾನ ಚಿಕ್ಕದಾದರೂ ಪರವಾಗಿಲ್ಲ. ನಾಲ್ಕು ಸಾವಿರ ಸೀಟಿನ ಜಾಗ ತುಂಬಿದರೆ ಜಾತ್ರೆ, ಅದೇ ನಾಲ್ಕು ಸಾವಿರ ಜನ ಇಪ್ಪತ್ತೈದು ಸಾವಿರದ ಜಾಗದಲ್ಲಿ ಕೂತರೆ ಸೂತಕದ ಮನೆ. ಲೀಗಿನವರು ಪಂದ್ಯಗಳನ್ನೆಲ್ಲ ಬೇರೆ ಊರಲ್ಲೇ ಇಟ್ಟರೆ, ಅಭ್ಯಾಸ ಶಿಬಿರವನ್ನಾದರೂ ನಿಮ್ಮ ಊರಿನಲ್ಲಿ ಇಡಿ. ಕೊನೆಯ ಎರಡು ದಿನ ಗೇಟು ತೆಗೆದು ಜನರನ್ನು ಒಳಗೆ ಬಿಡಿ. ಪಂದ್ಯದ ದಿನ ಊರಿನ ಮೈದಾನದಲ್ಲೇ ಪರದೆ ಹಾಕಿ, ಎಲ್ಲರೂ ಒಟ್ಟಿಗೆ ಕೂತು ನೋಡಲಿ.

ಊರನ್ನೇ ಬಿಟ್ಟು ಹೋದರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ವಿಂಬಲ್ಡನ್‌ಗಿಂತ ದೊಡ್ಡ ಪಾಠ ಇಲ್ಲ. 2002ರ ಮೇ ತಿಂಗಳಲ್ಲಿ ಆ ಫುಟ್‌ಬಾಲ್ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಊರಿಗೆ ಒಯ್ಯಲು ಅನುಮತಿ ಸಿಕ್ಕಿತು. ಅಭಿಮಾನಿಗಳು ಅಳುತ್ತಾ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಊರಿನ ಬಯಲಲ್ಲಿ ಯಾರು ಬೇಕಾದರೂ ಬನ್ನಿ ಅಂತ ಕರೆದು ಆಟಗಾರರನ್ನು ಆರಿಸಿದರು. ಇಂಗ್ಲಿಷ್ ಫುಟ್‌ಬಾಲಿನ ಒಂಬತ್ತನೇ ಹಂತದಿಂದ ಶುರು ಮಾಡಿ 2011ರಲ್ಲಿ ವೃತ್ತಿಪರ ಲೀಗಿಗೆ ಬಂದರು. 2020ರ ನವೆಂಬರ್‌ನಲ್ಲಿ ತಮ್ಮ ಹಳೆಯ ಮೈದಾನ ಇದ್ದ ಪ್ಲೋ ಲೇನ್ ರಸ್ತೆಗೇ ಹೊಸ ಸ್ಟೇಡಿಯಂ ಕಟ್ಟಿಕೊಂಡು ವಾಪಸ್ ಬಂದರು. ಕೋವಿಡ್ ಕಾಲ, ಮೊದಲ ಪಂದ್ಯ ಖಾಲಿ ಸ್ಟ್ಯಾಂಡುಗಳ ಮುಂದೆ ಆಯಿತು. ಆದರೂ ಊರಿಗೆ ಬಂದರಲ್ಲ! ಮಾಲೀಕರು ಒಯ್ದದ್ದು ಕ್ಲಬ್ಬಿನ ಕಾಗದಪತ್ರ ಮಾತ್ರ.

ನಮ್ಮ ದೇಶದಲ್ಲಿ ಇಂಥದ್ದು ನಡೆದಾಗ ಸದ್ದೂ ಆಗುವುದಿಲ್ಲ. 2019ರಲ್ಲಿ ಎಫ್‌ಸಿ ಪುಣೆ ಸಿಟಿ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಅದೇ ವರ್ಷ ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಪುಣೆಯ ಕಿತ್ತಳೆ ಜೆರ್ಸಿ ಕೊಂಡಿದ್ದ ಹುಡುಗರು ಅದನ್ನು ಈಗ ಏನು ಮಾಡಬೇಕು, ಹೇಳಿ?

ಹೆಜ್ಜೆ 2: ಊರಲ್ಲಿ ಮೊದಲೇ ಏನಿದೆ ಅಂತ ಹುಡುಕಿ

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ 'ಇದು ಕ್ರಿಕೆಟ್ ಊರು, ಫುಟ್‌ಬಾಲ್ ಯಾರು ನೋಡ್ತಾರೆ' ಅಂದವರು ಬಹಳ. ಅವರಿಗೆ ಆಸ್ಟಿನ್ ಟೌನ್ ಗೊತ್ತಿರಲಿಲ್ಲ. ಹಲಸೂರಿನ ಬಳಿಯ ಗೌತಮಪುರ ಗೊತ್ತಿರಲಿಲ್ಲ. ಅಲ್ಲಿ ಬೀದಿಯಲ್ಲೇ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಗಲ್ಲಿಗಲ್ಲಿಗೂ ಬ್ರೆಜಿಲ್ ಬಾವುಟ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದಲ್ಲಿ ನಮ್ಮ ಊರಿನವರು ಇನ್ನೂ ಇದ್ದರು, ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್ ಸೇರಿ. ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡ ನಾಲ್ಕು ಸಲ ಗೆದ್ದಿತ್ತು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಹೊಸ ಕ್ಲಬ್ ಬೀಜ ಬಿತ್ತಬೇಕಾಗಿರಲಿಲ್ಲ. ನೆಲ ಹದವಾಗಿಯೇ ಇತ್ತು, ನೀರು ಬಿಡುವವರು ಬೇಕಿತ್ತು.

ಕೊಡಗಿನ ಹಾಕಿ ಹಬ್ಬವನ್ನೂ ಒಮ್ಮೆ ಹೋಗಿ ನೋಡಿ. ಅದು ವೃತ್ತಿಪರ ಲೀಗ್ ಅಲ್ಲ, ನಿಜ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಶುರು ಮಾಡಿದ್ದು, 2024ರ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಾದವು. ಅಲ್ಲಿ ಅಭಿಮಾನಿಗಳನ್ನು ಹುಡುಕುವ ತಲೆನೋವೇ ಇಲ್ಲ. ಜೆರ್ಸಿ ಮೇಲೆ ಇರುವುದು ಮನೆತನದ ಹೆಸರು. ಅಜ್ಜಿ ಸೈಡ್‌ಲೈನಿನಲ್ಲಿ ನಿಂತು ಅಂಪೈರಿಗೆ ಬೈಯಲು ಯಾರ ಪ್ರಚಾರವೂ ಬೇಕಿಲ್ಲ.

ಈ ಹೆಜ್ಜೆಗೆ ಎರಡು ತಿಂಗಳು ಇಡಿ. ಊರಿನ ಲೀಗ್ ನಡೆಸುವವರು, ಶಾಲೆಯ ಪಿಟಿ ಮೇಷ್ಟ್ರು, ಹಳೆಯ ಆಟಗಾರರು, ಟರ್ಫ್ ಇಟ್ಟುಕೊಂಡವರು, ಇವರ ಜೊತೆ ಕೂತು ಚಹಾ ಕುಡಿಯಿರಿ. ಸುಮ್ನೆ ಕೇಳಿಸಿಕೊಳ್ಳಿ, ಪ್ರೆಸೆಂಟೇಶನ್ ತೋರಿಸಬೇಡಿ. ಊರಿನ ಲೀಗ್ ಭಾನುವಾರ ಬೆಳಿಗ್ಗೆ ಇದ್ದರೆ ನಿಮ್ಮ ಕಾರ್ಯಕ್ರಮ ಆ ಹೊತ್ತಿಗೆ ಇಡಬೇಡಿ. ಮೊದಲ ಪಂದ್ಯಕ್ಕೆ ಹಳೆಯ ಆಟಗಾರರನ್ನು ಕರೆಯುವುದಾದರೆ ವಿಐಪಿ ಬಾಕ್ಸಿನಲ್ಲಿ ಮುಚ್ಚಿಡಬೇಡಿ, ಮೈದಾನದ ಮಧ್ಯಕ್ಕೆ ಕರೆದುಕೊಂಡು ಹೋಗಿ.

ಹೆಜ್ಜೆ 3: ಒಂದು ಸ್ಟ್ಯಾಂಡ್ ಬಿಟ್ಟುಕೊಡಿ

ಇದು ಈ ಬರಹದ ಹೊಟ್ಟೆ. ಉಳಿದದ್ದನ್ನು ಓದದಿದ್ದರೂ ಇದನ್ನು ಓದಿ.

2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಎಫ್‌ಸಿ, ಆಗ ದೇಶದ ಮುಖ್ಯ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ತನ್ನ ಮೊದಲ ಪಂದ್ಯ ಆಡಿತು. ಎದುರಾಳಿ ಮೋಹನ್ ಬಗಾನ್, 1889ರಲ್ಲಿ ಹುಟ್ಟಿದ ಕ್ಲಬ್. ನಮ್ಮದಕ್ಕೆ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಪಂದ್ಯ 1-1 ಡ್ರಾ. ಗರುಡಾ ಮಾಲ್ ಹತ್ತಿರದ ಹಳೆಯ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಪಶ್ಚಿಮದ ಬ್ಲಾಕಿನಲ್ಲಿ ಒಂದಿಷ್ಟು ಹುಡುಗ ಹುಡುಗಿಯರು ನಿಂತು ಕೂಗುತ್ತಿದ್ದರು. ಅವರೇ ಮುಂದೆ 'ವೆಸ್ಟ್ ಬ್ಲಾಕ್ ಬ್ಲೂಸ್' ಆದರು. ಹೆಸರು ನೋಡಿ, ಯಾವ ಆಟಗಾರನದ್ದೂ ಅಲ್ಲ, ಮಾಲೀಕರದ್ದೂ ಅಲ್ಲ. ತಾವು ನಿಲ್ಲುವ ಜಾಗದ ಹೆಸರು. 2014ರಲ್ಲಿ ಕ್ಲಬ್ ಕಂಠೀರವಕ್ಕೆ ಬಂದಾಗ ಅವರು ಅಲ್ಲಿಯೂ ಪಶ್ಚಿಮದ ಸ್ಟ್ಯಾಂಡನ್ನೇ ಹಿಡಿದರು. ಕಂಠೀರವದಲ್ಲಿ ಸುತ್ತ ಓಟದ ಟ್ರ್ಯಾಕ್ ಇದೆ, ಮೈದಾನ ದೂರ. ಆಟದ ಹತ್ತಿರ ಇರುವ ಸುಖ ಹೋಯಿತು. ಅಕ್ಕಪಕ್ಕದವರು ಮಾತ್ರ ಅವರೇ ಇದ್ದರು.

ಜರ್ಮನಿಯ ಡೋರ್ಟ್‌ಮುಂಡ್‌ನಲ್ಲಿ ಇದೇ ವಿಷಯ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತೆ. ಅವರ ಸ್ಟೇಡಿಯಂನ ದಕ್ಷಿಣದ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನ ನಿಂತುಕೊಂಡೇ ಪಂದ್ಯ ನೋಡುತ್ತಾರೆ. ಎಲ್ಲರೂ ಹಳದಿ ಹಾಕಿಕೊಂಡಿರುತ್ತಾರೆ, ಅದಕ್ಕೇ 'ಹಳದಿ ಗೋಡೆ' ಅಂತ ಹೆಸರು. ಅಲ್ಲಿ ಸೀಟು ಹಾಕಿ ದುಬಾರಿ ಟಿಕೆಟ್ ಮಾರಿದರೆ ಕ್ಲಬ್ಬಿಗೆ ದುಡ್ಡು ಜಾಸ್ತಿ ಬರುತ್ತಿತ್ತು. ಮಾರಲಿಲ್ಲ. ಮಿಕ್ಕ ಸ್ಟ್ಯಾಂಡಿನವರು ದುಬಾರಿ ಟಿಕೆಟ್ ಕೊಳ್ಳುವುದೇ ಆ ಗೋಡೆಯ ಸದ್ದು ಕೇಳಲು ಅಂತ ಅವರಿಗೆ ಗೊತ್ತು.

ನೀವು ಮಾಡಬೇಕಾದದ್ದು ಹೀಗೆ. ಮೈದಾನದಲ್ಲಿ ಒಂದು ಭಾಗ ಆರಿಸಿ, ಟೀವಿ ಕ್ಯಾಮೆರಾಕ್ಕೆ ಎದುರು ಬೀಳುವಂಥದ್ದಾದರೆ ಒಳ್ಳೆಯದು. ಅಲ್ಲಿ ಟಿಕೆಟ್ ಬೆಲೆ ಎಲ್ಲಕ್ಕಿಂತ ಕಡಿಮೆ ಇರಲಿ. ಸೀಟ್ ನಂಬರ್ ಬೇಡ, ಮೊದಲು ಬಂದವರು ಮುಂದೆ ನಿಲ್ಲಲಿ. ತಮಟೆ, ಡ್ರಮ್, ದೊಡ್ಡ ಬಾವುಟ, ಬ್ಯಾನರ್ ತರಲು ಪೊಲೀಸರಿಂದ ಸೀಸನ್ ಶುರುವಿಗೆ ಮೊದಲೇ ಅನುಮತಿ ತೆಗೆದುಕೊಳ್ಳಿ. ಪ್ರತಿ ಪಂದ್ಯಕ್ಕೂ ಗೇಟಿನಲ್ಲಿ ಹೊಸ ಸೆಕ್ಯೂರಿಟಿಯವರ ಜೊತೆ ಹೊಸ ಜಗಳ ಆದರೆ ಮೂರನೇ ಪಂದ್ಯಕ್ಕೆ ಡ್ರಮ್ ಮನೆಯಲ್ಲೇ ಉಳಿಯುತ್ತೆ. ಕ್ಲಬ್ಬಿನಿಂದ ಒಬ್ಬರನ್ನು ಇದಕ್ಕೇ ಅಂತ ಇಡಿ. ಅವರ ಫೋನ್ ನಂಬರ್ ಆ ಸ್ಟ್ಯಾಂಡಿನವರ ಹತ್ತಿರ ಇರಬೇಕು, ಅವರು ಫೋನ್ ಎತ್ತಬೇಕು.

ಇನ್ನು ಮಾಡಬಾರದ್ದು. ಅಭಿಮಾನಿಗಳ ಗುಂಪಿಗೆ ನಾಯಕನನ್ನು ನೀವು ನೇಮಿಸಬೇಡಿ. ಹಾಡು ಬರೆದುಕೊಡಬೇಡಿ. ಬ್ಯಾನರಿನಲ್ಲಿ ಸ್ಪಾನ್ಸರ್ ಹೆಸರು ಹಾಕಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಡಿಜೆ! ಸ್ಟ್ಯಾಂಡಿನಲ್ಲಿ ಒಂದು ಹಾಡು ನಿಧಾನಕ್ಕೆ ಕಾವೇರುತ್ತಿರುತ್ತೆ, ಅಷ್ಟರಲ್ಲಿ ಸ್ಪೀಕರಿನಿಂದ 'ಮೇಕ್ ಸಮ್ ನಾಯ್ಸ್' ಅಂತ ಕಿರುಚಾಟ. ಜನ ತಾವಾಗಿ ಮಾಡುತ್ತಿದ್ದ ಸದ್ದನ್ನು ಅಡಗಿಸಿ, ಸದ್ದು ಮಾಡಿ ಅಂತ ಬೇಡುವ ಈ ಕೆಲಸ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಆ ಸ್ಟ್ಯಾಂಡಿನವರು ನಿಮಗೂ ಬೈಯುತ್ತಾರೆ. ಕೋಚ್ ಬದಲಾಯಿಸಿ ಅಂತ ಬ್ಯಾನರ್ ಹಿಡಿಯುತ್ತಾರೆ. ಕಸಿದುಕೊಳ್ಳಬೇಡಿ. ಬೈಯುವವರು ಇನ್ನೂ ನಮ್ಮವರು ಅಂತ ಅರ್ಥ. ಜಾತಿ, ಧರ್ಮ, ಹೆಂಗಸರ ಬಗ್ಗೆ ಹೊಲಸು ಮಾತು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಅದನ್ನೂ ಸೆಕ್ಯೂರಿಟಿಯವರಿಗಿಂತ ಸ್ಟ್ಯಾಂಡಿನ ಹಿರಿಯರೇ ಚೆನ್ನಾಗಿ ನಿಲ್ಲಿಸುತ್ತಾರೆ.

ಹೆಜ್ಜೆ 4: ಬೆಲೆ, ಸಮಯ, ಶೌಚಾಲಯ

2016ರ ಫೆಬ್ರವರಿ. ಮುಂದಿನ ಸೀಸನ್ನಿಗೆ ಕೆಲವು ಟಿಕೆಟ್‌ಗಳಿಗೆ 77 ಪೌಂಡ್ ಅಂತ ಲಿವರ್‌ಪೂಲ್ ಕ್ಲಬ್ ಘೋಷಿಸಿತು. ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದಲ್ಲಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಪಂದ್ಯ ಮುಗಿದಾಗ 2-2! ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಇಳಿಸಿದರು.

ಬೆಲೆ ಇಡುವಾಗ ಒಬ್ಬರ ಟಿಕೆಟ್ ಲೆಕ್ಕ ಹಾಕಬೇಡಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಆಟೋ ಅಥವಾ ಮೆಟ್ರೋ, ಒಳಗೆ ನಾಲ್ಕು ನೀರಿನ ಬಾಟಲಿ, ಪಾಪ್‌ಕಾರ್ನ್. ಆ ಒಟ್ಟು ಮೊತ್ತ ಒಂದು ಸಿನಿಮಾ ಸಂಜೆಗಿಂತ ಜಾಸ್ತಿ ಆದರೆ ಅವರು ತಿಂಗಳಿಗೆ ಎರಡು ಸಲ ಬರುವುದಿಲ್ಲ. ಸೀಸನ್ ಟಿಕೆಟ್ ಕೊಂಡವರಿಗೆ ಪ್ರತಿ ವರ್ಷ ಅದೇ ಸೀಟು ಸಿಗಲಿ. ರಿಯಾಯಿತಿಗಿಂತ ಅದು ಮುಖ್ಯ. ಎಲ್ಲ ಟಿಕೆಟ್‌ಗಳನ್ನೂ ಆ್ಯಪ್‌ನಲ್ಲೇ ಮಾರಿದರೆ ಗೌತಮಪುರದ ತಾತ ಹೊರಗೇ ಉಳಿಯುತ್ತಾರೆ, ಗೇಟಿನ ಹತ್ತಿರ ಒಂದು ಕೌಂಟರ್ ಇರಲಿ. ಪುಕ್ಕಟೆ ಪಾಸ್ ಹಂಚುವ ಚಟ ಮಾತ್ರ ಬೇಡ. ಪುಕ್ಕಟೆ ಸಿಕ್ಕಿದ್ದಕ್ಕೆ ಮಳೆ ಬಂದರೆ ಯಾರೂ ಬರುವುದಿಲ್ಲ, ದುಡ್ಡು ಕೊಟ್ಟವರಿಗೆ ತಾವು ಮೋಸ ಹೋದೆವು ಅನ್ನಿಸುತ್ತೆ.

ಸಮಯದ ವಿಷಯದಲ್ಲಿ ನಿಮ್ಮ ಕೈ ಕಟ್ಟಿರುತ್ತೆ, ಟೀವಿಯವರು ಹೇಳಿದ್ದೇ ವೇಳೆ. ಆದರೂ ಲೀಗಿನ ಸಭೆಯಲ್ಲಿ ಜಗಳ ಆಡಿ. ಜರ್ಮನಿಯಲ್ಲಿ ಸೋಮವಾರದ ಪಂದ್ಯ ಬೇಡ ಅಂತ ಅಭಿಮಾನಿಗಳು ಹಟ ಹಿಡಿದರು, ಅಲ್ಲಿನ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಕೊನೆಗೆ ಅದನ್ನು ಕೈಬಿಟ್ಟಿತು. ಬುಧವಾರ ಸಂಜೆ ಏಳೂವರೆಗೆ ವೈಟ್‌ಫೀಲ್ಡಿನಿಂದ ಕಂಠೀರವಕ್ಕೆ ಬರುವುದು ಏನು ಅಂತ ಟೀವಿಯವರಿಗೆ ಯಾರಾದರೂ ಹೇಳಬೇಕಲ್ವಾ.

ಶೌಚಾಲಯ ಅಂದರೆ ನಗಬೇಡಿ. ಒಂದು ಊರಿನ ಪಂದ್ಯಕ್ಕೆ, ಊರಿನ ಹೆಸರು ಬೇಡ, ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ಹೆಂಗಸರ ಶೌಚಾಲಯಕ್ಕೆ ಬೀಗ. ಕೀ ಇಟ್ಟುಕೊಂಡವನು ಮನೆಗೆ ಹೋಗಿದ್ದಾನಂತೆ. ಹಾಫ್‌ಟೈಮಿನಲ್ಲಿ ನಾವೂ ಮನೆಗೆ ಹೋದೆವು. ಅವಳು ಆಮೇಲೆ ಯಾವ ಪಂದ್ಯಕ್ಕೂ ಬರಲಿಲ್ಲ. ಅವಳ ಜೊತೆ ಅವಳ ಮಕ್ಕಳೂ ಬರಲಿಲ್ಲ. ಒಂದು ಬೀಗಕ್ಕೆ ಮೂರು ಜನ ಹೋದರು.

ಹೆಜ್ಜೆ 5: ಹೆಸರು, ಬಣ್ಣ, ಭಾಷೆ ಮುಟ್ಟುವ ಮೊದಲು ಕೇಳಿ

ವೇಲ್ಸ್‌ನ ಕಾರ್ಡಿಫ್ ಸಿಟಿ ಕ್ಲಬ್ಬಿನ ಅಡ್ಡಹೆಸರೇ 'ನೀಲಿಹಕ್ಕಿಗಳು'. ಮಾಲೀಕ ವಿನ್ಸೆಂಟ್ ಟ್ಯಾನ್ 2012ರಲ್ಲಿ ಜೆರ್ಸಿಯನ್ನು ಕೆಂಪು ಮಾಡಿದರು. ಕೆಂಪು ಜೆರ್ಸಿಯಲ್ಲೇ ತಂಡ ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗಿಗೂ ಏರಿತು. ಆದರೂ ಸಿಟ್ಟು ಇಳಿಯಲಿಲ್ಲ. 2015ರ ಜನವರಿಯಲ್ಲಿ ನೀಲಿ ವಾಪಸ್ ಬಂತು. ಕೋಲ್ಕತ್ತಾದಲ್ಲಿ 2020ರಲ್ಲಿ ಮೋಹನ್ ಬಗಾನ್ ಹೆಸರಿನ ಮುಂದೆ, ಅದರ ಜೊತೆ ವಿಲೀನವಾದ ಕ್ಲಬ್ಬಿನ ಹೆಸರು ಎಟಿಕೆ ಅಂಟಿಕೊಂಡಿತು. ಅದನ್ನು ತೆಗೆಯಿರಿ ಅಂತ ಅಭಿಮಾನಿಗಳು ಮೂರು ವರ್ಷ ಬಿಡದೆ ಕೂಗಿದರು. 2023ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಗೆದ್ದ ರಾತ್ರಿ ಮಾಲೀಕರೇ ಅದನ್ನು ತೆಗೆಯುವುದಾಗಿ ಘೋಷಿಸಿದರು. ಆ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತವರು ನಾವೇ, ಬೆಂಗಳೂರು ಎಫ್‌ಸಿ. ಹಾಗಾಗಿ ಆ ರಾತ್ರಿ ಅವರ ಸಂತೋಷದಲ್ಲಿ ಪಾಲ್ಗೊಳ್ಳುವ ಮನಸ್ಸು ನನಗಿರಲಿಲ್ಲ. ಈಗ ಒಪ್ಪುತ್ತೇನೆ.

ಭಾಷೆಯ ವಿಷಯಕ್ಕೆ ಆರ್‌ಸಿಬಿಯೇ ಪಾಠ. 'ಈ ಸಲ ಕಪ್ ನಮ್ದೇ' ಅನ್ನೋ ಸಾಲನ್ನು ಯಾವ ಜಾಹೀರಾತು ಕಂಪನಿಯೂ ಸಭೆ ಕೂಡಿಸಿ ಬರೆಯಲು ಆಗುವುದಿಲ್ಲ. ಅದರಲ್ಲಿ ಆಸೆ ಇದೆ, ಹಟ ಇದೆ, ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುವ ನಗುವೂ ಇದೆ. ವರ್ಷ ವರ್ಷ ಸೋತರೂ ಸಾಲು ಸಾಯಲಿಲ್ಲ. 2024ರ ಮಾರ್ಚ್‌ನಲ್ಲಿ ಮಹಿಳಾ ತಂಡ ಡಬ್ಲ್ಯುಪಿಎಲ್ ಗೆದ್ದಾಗ ಸ್ಮೃತಿ ಮಂಧಾನ ಅದನ್ನು 'ಈ ಸಲ ಕಪ್ ನಮ್ದು' ಅಂತ ತಿದ್ದಿದರು. 'ದೇ' ಹೋಗಿ 'ದು' ಬಂತು, ಒಂದೇ ಅಕ್ಷರ. ಮುಂಬೈಯಲ್ಲಿ ಹುಟ್ಟಿ ಸಾಂಗ್ಲಿಯಲ್ಲಿ ಬೆಳೆದ ಹುಡುಗಿ ಆ ಅಕ್ಷರದ ವ್ಯತ್ಯಾಸ ತಿಳಿದು ಆಡಿದ್ದಕ್ಕೇ ಇಲ್ಲಿ ಮನೆಮನೆಯಲ್ಲಿ ಕೇಕೆ. ಅದೇ ತಿಂಗಳು ಕ್ಲಬ್ ಕೂಡ ತನ್ನ ಹೆಸರಿನ 'ಬ್ಯಾಂಗಲೋರ್' ಬಿಟ್ಟು 'ಬೆಂಗಳೂರು' ಅಂತ ಮಾಡಿಕೊಂಡಿತು. ಹದಿನಾರು ವರ್ಷ ತಡ, ಇರಲಿ.

ಇದನ್ನು ಕೆಲಸಕ್ಕೆ ಇಳಿಸುವುದು ಸುಲಭ. ಮೈದಾನದ ಮೈಕ್ ಕನ್ನಡದಲ್ಲಿ ಮಾತಾಡಲಿ. ಪೋಸ್ಟುಗಳನ್ನು ಇಂಗ್ಲಿಷಿನಿಂದ ಅನುವಾದ ಮಾಡಿಸಬೇಡಿ, ಕನ್ನಡದಲ್ಲೇ ಯೋಚಿಸುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕೆಲಸಕ್ಕೆ ಇಟ್ಟುಕೊಳ್ಳಿ. ಹೊರಗಿನಿಂದ ಬಂದ ಆಟಗಾರರಿಗೆ ಮೊದಲ ವಾರದಲ್ಲೇ ಹತ್ತು ಮಾತು ಕಲಿಸಿ. ಹಾಗಂತ ಸ್ಟ್ಯಾಂಡಿನಲ್ಲಿ ಯಾರ ಭಾಷೆಯನ್ನೂ ತಪಾಸಣೆ ಮಾಡಬೇಡಿ. ಪಶ್ಚಿಮದ ಸ್ಟ್ಯಾಂಡಿನಲ್ಲಿ ತಮಿಳು, ಉರ್ದು, ಮಲಯಾಳಂ, ಕೊಂಕಣಿ ಎಲ್ಲ ಕೇಳುತ್ತೆ. ಗೋಲು ಬಿದ್ದಾಗ ಎಲ್ಲರೂ 'ಬೆಂಗಳೂರು' ಅಂತಲೇ ಕೂಗುತ್ತಾರೆ.

ಹೆಜ್ಜೆ 6: ಆಟಗಾರರನ್ನು ಗಾಜಿನ ಹಿಂದೆ ಇಡಬೇಡಿ

ಅಮೆರಿಕದ ಗ್ರೀನ್ ಬೇ ಲಕ್ಷ ಜನರ ಸುತ್ತಮುತ್ತ ಇರುವ ಊರು, ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಅಲ್ಲಿ ಪ್ಯಾಕರ್ಸ್ ಅನ್ನೋ ದೊಡ್ಡ ಫುಟ್‌ಬಾಲ್ ತಂಡ ಇದೆ, ಅಮೆರಿಕನ್ ಫುಟ್‌ಬಾಲ್. ಸೀಸನ್ನಿಗೆ ಮೊದಲಿನ ಅಭ್ಯಾಸ ಶಿಬಿರದ ದಿನಗಳಲ್ಲಿ ಊರಿನ ಮಕ್ಕಳು ಸೈಕಲ್ ತೆಗೆದುಕೊಂಡು ಬಂದು ಸ್ಟೇಡಿಯಂ ಹೊರಗೆ ನಿಲ್ಲುತ್ತಾರೆ. ಆನೆಯಂಥ ಆಟಗಾರರು ಆ ಪುಟ್ಟ ಸೈಕಲ್ ಹತ್ತಿ ಮೈದಾನಕ್ಕೆ ಹೋಗುತ್ತಾರೆ, ಮಗು ಹೆಲ್ಮೆಟ್ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತೆ. ಖರ್ಚು ಸೊನ್ನೆ. ಆ ಮಗು ಸಾಯುವ ತನಕ ಬೇರೆ ತಂಡದ ಕಡೆ ನೋಡುತ್ತಾ?

ನಮ್ಮಲ್ಲಿ ಇದನ್ನು ಅರ್ಥ ಮಾಡಿಕೊಂಡವರು ಆಗ ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಸುನಿಲ್ ಚೆಟ್ರಿ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿತು. ನೋಡಲು ಬಂದವರು 2,569 ಜನ. ಮರುದಿನ ಚೆಟ್ರಿ ಫೋನ್ ಮುಂದೆ ನಿಂತು ಒಂದು ವಿಡಿಯೋ ಮಾಡಿದರು. ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ ಅಂತ ಕೇಳಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಖಾಲಿ. ಪ್ರಚಾರ ವಿಭಾಗದವರು ಮಾಡಿದ್ದರೆ ಆ ವಿಡಿಯೋದಲ್ಲಿ ಸಂಗೀತ ಇರುತ್ತಿತ್ತು, ಜನ ಮಾತ್ರ ಬರುತ್ತಿರಲಿಲ್ಲ.

ಪ್ರತಿ ಪಂದ್ಯದ ಕೊನೆಗೆ, ಗೆಲ್ಲಲಿ ಸೋಲಲಿ, ಇಡೀ ತಂಡ ಆ ಒಂದು ಸ್ಟ್ಯಾಂಡಿನ ಮುಂದೆ ಬಂದು ನಿಲ್ಲಬೇಕು. ಇದನ್ನು ಒಪ್ಪಂದದಲ್ಲೇ ಬರೆಸಿ. ಸೋತ ದಿನ ಬರುವುದು ಕಷ್ಟ, ಆ ದಿನವೇ ಬರಬೇಕು.

ಹೆಜ್ಜೆ 7: ಸೋಲಿನ ವರ್ಷಕ್ಕೆ ಈಗಲೇ ತಯಾರಾಗಿ

ಗೆದ್ದರೆ ಸಹಾಯ ಆಗೋದು ನಿಜ. ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, ಅದನ್ನು ಮರೆಮಾಚಿ ನಾನು ಪಾಠ ಹೇಳಿದರೆ ಸುಳ್ಳಾಗುತ್ತೆ. ಆದರೆ ಎಲ್ಲ ತಂಡಗಳೂ ಸೋಲುವ ವರ್ಷ ಬರುತ್ತೆ. ಆಗ ಜನರನ್ನು ಹಿಡಿಯುವುದು ಅವರ ಕೈ ತಾಗಿದ ಕೆಲಸ.

ಬರ್ಲಿನ್ನಿನ ಯೂನಿಯನ್ ಕ್ಲಬ್ ಸ್ಟೇಡಿಯಂ ಹಳೆಯದಾಗಿ ಕುಸಿಯುವಂತಿತ್ತು, ಕ್ಲಬ್ಬಿನಲ್ಲಿ ದುಡ್ಡಿರಲಿಲ್ಲ. 2008-09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸಂಬಳ ಇಲ್ಲದೆ ಸಿಮೆಂಟ್ ಕಲಸಿ ಅದನ್ನು ಕಟ್ಟಿಕೊಟ್ಟರು. ಇದೇ ಕ್ಲಬ್ಬಿನ 89 ಜನ 2003ರ ಕ್ರಿಸ್‌ಮಸ್ ಹೊತ್ತಿಗೆ, ತಂಡ ಸೋತು ಸುಣ್ಣವಾಗಿದ್ದಾಗ, ಖಾಲಿ ಮೈದಾನಕ್ಕೆ ಸದ್ದಿಲ್ಲದೆ ನುಗ್ಗಿ ಭಜನೆಯ ಹಾಗೆ ಕ್ರಿಸ್‌ಮಸ್ ಹಾಡು ಹಾಡಿದ್ದರು. ಈಗ ಆ ಸಂಜೆಗೆ ಇಡೀ ಸ್ಟೇಡಿಯಂ ತುಂಬುತ್ತೆ. ಗ್ರೀನ್ ಬೇಯಲ್ಲಂತೂ ಜನರೇ ಮಾಲೀಕರು. 1923ರಿಂದ ಷೇರು ಮಾರುತ್ತಾ ಬಂದು, ಈಗ ಐದು ಲಕ್ಷಕ್ಕೂ ಮೇಲೆ ಷೇರುದಾರರಿದ್ದಾರೆ. ಲಾಭಾಂಶ ಇಲ್ಲ, ಬೇರೆಯವರಿಗೆ ಮಾರುವ ಹಾಗಿಲ್ಲ. ಗೋಡೆಗೆ ಹಾಕಲು ಒಂದು ಚಂದದ ಕಾಗದ, ಅಷ್ಟೇ. ಆದರೂ ಕೊಳ್ಳುತ್ತಾರೆ.

ನಮ್ಮ ಕಾನೂನಿನಲ್ಲಿ, ನಮ್ಮ ಲೀಗುಗಳಲ್ಲಿ ಷೇರು ಹಂಚುವುದು ಸುಲಭವಲ್ಲ. ಬಣ್ಣ ಬಳಿಯುವ ಕೆಲಸ ಹಂಚಬಹುದು. ಸೀಸನ್ ಶುರುವಾಗುವ ಮೊದಲು ಒಂದು ಭಾನುವಾರ ಸ್ಟ್ಯಾಂಡಿನವರನ್ನು ಕರೆಯಿರಿ, ಬ್ರಷ್ ಕೊಡಿ, ಮಧ್ಯಾಹ್ನ ಬಿಸಿಬೇಳೆಬಾತ್ ಹಾಕಿಸಿ. ವರ್ಷಕ್ಕೆ ಎರಡು ಸಲ ಅವರ ಜೊತೆ ಸಭೆ ಕೂರಿ. ಟಿಕೆಟ್ ಬೆಲೆ, ಜೆರ್ಸಿ ವಿನ್ಯಾಸ, ಗೇಟಿನ ವ್ಯವಸ್ಥೆ, ಈ ಮೂರನ್ನು ಅವರ ಮುಂದಿಡದೆ ತೀರ್ಮಾನಿಸಬೇಡಿ.

ಹೆಜ್ಜೆ 8: ಗೆದ್ದ ದಿನದ ಯೋಜನೆ

ಇದನ್ನು ಬರೆಯುವುದು ಕಷ್ಟ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಹದಿನೆಂಟನೇ ಸೀಸನ್ನಿಗೆ. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅಷ್ಟು ವರ್ಷ ಕಾದ ಊರಿಗೆ ಕಪ್ಪಿನ ಸಂತೋಷ ಒಂದು ದಿನವೂ ಪೂರ್ತಿ ಸಿಗಲಿಲ್ಲ.

ಹಾಗಾಗಿ ಫೈನಲ್‌ಗೆ ಎರಡು ವಾರ ಮೊದಲೇ, ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲದಾಗಲೇ, ಪೊಲೀಸರ ಜೊತೆ ಕೂತು ಬರೆದಿಡಿ. ಗೆದ್ದ ಮರುದಿನವೇ ಸಂಭ್ರಮ ಬೇಡ, ಕೆಲವು ದಿನ ಬಿಡಿ. ಟಿಕೆಟ್ ಬೇಕೋ ಬೇಡವೋ ಅನ್ನೋದು ಒಂದೇ ಮಾತಿನಲ್ಲಿ, ಒಂದೇ ಕಡೆಯಿಂದ, ಕನ್ನಡದಲ್ಲಿ ತಿಳಿಸಿ. ಒಂದೇ ಗೇಟಿಗೆ ಜನ ನುಗ್ಗದ ಹಾಗೆ ಊರಿನ ನಾಲ್ಕಾರು ಕಡೆ ಪರದೆ ಹಾಕಿ. ಸ್ಟ್ಯಾಂಡಿನ ಹಿರಿಯರಿಗೆ ಮೊದಲು ಹೇಳಿ, ಅವರ ಮಾತು ಜನ ಕೇಳುತ್ತಾರೆ. ಎಲ್ಲ ಹೆಜ್ಜೆಗಳಲ್ಲಿ ಇದೊಂದನ್ನು ಮಾತ್ರ ಆಮೇಲೆ ನೋಡೋಣ ಅನ್ನಬೇಡಿ.

ಹೆಜ್ಜೆ 9: ಸರಿಯಾದದ್ದನ್ನು ಎಣಿಸಿ

ಕ್ಲಬ್ಬುಗಳು ಒಟ್ಟು ಜನ ಎಣಿಸುತ್ತವೆ. ಇನ್‌ಸ್ಟಾಗ್ರಾಂ ಫಾಲೋವರ್ಸ್ ಎಣಿಸುತ್ತವೆ. ಎರಡನ್ನೂ ಪಕ್ಕಕ್ಕಿಡಿ.

ಟಿಕೆಟ್ ಮಾರಿದ ಪಟ್ಟಿ ನಿಮ್ಮ ಹತ್ತಿರವೇ ಇದೆ. ಮೊದಲ ಪಂದ್ಯಕ್ಕೆ ಬಂದವರಲ್ಲಿ ಮೂರನೇ ಪಂದ್ಯಕ್ಕೂ ಬಂದವರು ಎಷ್ಟು? ಹೋದ ವರ್ಷದ ಸೀಸನ್ ಟಿಕೆಟಿನವರಲ್ಲಿ ಅದೇ ಸೀಟು ಮತ್ತೆ ಕೊಂಡವರು ಎಷ್ಟು? ಸತತ ಮೂರು ಸೋಲಾದ ಮೇಲೆ ನಾಲ್ಕನೆಯದಕ್ಕೆ ಬಂದವರು ಎಷ್ಟು? ಹತ್ತು ಸಾವಿರ ಜನ ಒಂದು ಸಲ ಬಂದು ಹೋಗುವುದಕ್ಕಿಂತ ಸಾವಿರ ಜನ ಹತ್ತು ಸಲ ಬರುವುದು ಮೇಲು. ಗಲ್ಲಾಪೆಟ್ಟಿಗೆಗೆ ಎರಡೂ ಒಂದೇ ಲೆಕ್ಕ. ಆದರೆ ಹತ್ತು ಸಲ ಬಂದವರು ಮುಂದಿನ ವರ್ಷ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಾರೆ.

ಆಮೇಲೆ ಒಂದು ಚಿಕ್ಕ ಕೆಲಸ. ಸತತ ಎರಡು ಪಂದ್ಯ ತಪ್ಪಿಸಿದ ಹಳೆಯ ಸೀಸನ್ ಟಿಕೆಟಿನವರ ಪಟ್ಟಿ ತೆಗೆಯಿರಿ. ವಾರಕ್ಕೆ ಇಪ್ಪತ್ತು ಜನಕ್ಕೆ ಫೋನ್ ಮಾಡಿ. ಏನನ್ನೂ ಮಾರಬೇಡಿ, ಚೆನ್ನಾಗಿದ್ದೀರಾ ಅಂತ ಕೇಳಿ, ಯಾಕೆ ಬರಲಿಲ್ಲ ಅಂತ ಬರೆದುಕೊಳ್ಳಿ. ಬೀಗ ಹಾಕಿದ ಶೌಚಾಲಯದ ಸುದ್ದಿ ನಿಮಗೆ ಹೀಗೇ ತಿಳಿಯುತ್ತೆ.

ನಾನೂ ಒಮ್ಮೆ ಎರಡು ಪಂದ್ಯ ತಪ್ಪಿಸಿದ್ದೆ. ಮನೆಯಲ್ಲಿ ಅಪ್ಪನಿಗೆ ಆಪರೇಷನ್ ಆಗಿತ್ತು. ಕ್ಲಬ್ಬಿನಿಂದ ಯಾರೂ ಫೋನ್ ಮಾಡಲಿಲ್ಲ. ಎರಡನೇ ಪಂದ್ಯದ ಹಾಫ್‌ಟೈಮಿನಲ್ಲಿ ಮೊಬೈಲಿಗೆ ಒಂದು ಮೆಸೇಜು ಬಂತು. ಪಕ್ಕದ ಸೀಟಿನವರದ್ದು. ಅಷ್ಟು ಹೊತ್ತಿಗೆ ಹೆಸರು, ನಂಬರ್ ಎರಡೂ ಗೊತ್ತಾಗಿತ್ತು. 'ಇವತ್ತೂ ಇಲ್ವಾ? ಕಡ್ಲೆಕಾಯಿ ಜಾಸ್ತಿ ಆಯ್ತು' ಅಂತ ಇತ್ತು.